ಬಂಡೀಪುರದ ಹುಲ್ಲು, ಕೇಣಿಚಿರದ ಕಾಫಿ

1994ರ ಜೂನ್ ಕೊನೆಯಲ್ಲಿ ಒಮ್ಮೆ, ಜುಲೈನಲ್ಲಿ ಇನ್ನೊಮ್ಮೆ ಬ್ರೆಜಿಲ್ಲಿನ ಕಾಫಿ ತೋಟಗಳ ಮೇಲೆ ಹಿಮ ಬಿತ್ತು. ಅಲ್ಲಿಗೆ ಅದು ಚಳಿಗಾಲ. ಎಲೆಗಳು ಸುಟ್ಟಂತೆ ಕಪ್ಪಾದವು, ಮುಂದಿನ ವರ್ಷದ ಫಸಲು ಗಿಡದಲ್ಲೇ ಹೋಯಿತು. ಜಗತ್ತಿನಲ್ಲೇ ಹೆಚ್ಚು ಕಾಫಿ ಬೆಳೆಯುವ ದೇಶದ ಈ ಸುದ್ದಿ ಲಂಡನ್, ನ್ಯೂಯಾರ್ಕ್ ಪೇಟೆಗಳನ್ನು ಮುಟ್ಟುತ್ತಲೇ ಧಾರಣೆ ಏರಿತು. ಏರಿದ ಧಾರಣೆ ವಯನಾಡಿನ ಕೇಣಿಚಿರದಂಥ ಸಣ್ಣ ಪೇಟೆಗೂ ಬಂತು. ಅಲ್ಲಿಂದ ಅದು ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ತಿಪ್ಪೆಗಳಿಗೆ ಇಳಿಯಿತು, ತಿಪ್ಪೆಗಳಿಂದ ಬಂಡೀಪುರದ ಕಾಡಂಚಿನ ಹುಲ್ಲಿಗೆ. ಬ್ರೆಜಿಲ್ಲಿನ ಹಿಮಕ್ಕೂ ಬಂಡೀಪುರದ ಜಿಂಕೆಯ ಮೇವಿಗೂ ನಂಟು ಹುಟ್ಟಿದ ಈ ಕತೆಯಲ್ಲಿ ನಡುವೆ ನಿಂತದ್ದು ಸಗಣಿ.

ಕೇಣಿಚಿರ ಇರುವುದು ಬೀನಾಚಿಯಿಂದ ಪನಮರಕ್ಕೆ ಹೋಗುವ ರಸ್ತೆಯಲ್ಲಿ, ಪೂತಾಡಿ ಪಂಚಾಯ್ತಿಗೆ ಸೇರಿದ ಊರು. ಒಂದು ಕಡೆ ಸುಲ್ತಾನ್ ಬತ್ತೇರಿ, ಇನ್ನೊಂದು ಕಡೆ ಪುಲ್ಪಳ್ಳಿ, ಮತ್ತೊಂದು ಕಡೆ ನಡವಯಲ್. ನೆಲದ ರೂಪ ಇಡೀ ವಯನಾಡಿನದೇ: ತಗ್ಗಾದ ದುಂಡು ಗುಡ್ಡಗಳು, ಗುಡ್ಡಗಳ ನಡುವೆ ಹಾವಿನಂತೆ ಹರಿದ ಗದ್ದೆಬಯಲು. ಗುಡ್ಡದ ಮೇಲೆ ಕಾಫಿ, ಕಾಫಿಯ ನಡುವೆ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಜನವರಿಯಲ್ಲಿ ಹೋದರೆ ಮನೆ ಮನೆಯ ಅಂಗಳದಲ್ಲೂ ರೊಬಸ್ಟಾ ಹಣ್ಣು ಒಣಗುತ್ತಿರುತ್ತದೆ. ಕನ್ನಡಿಗರಿಗೆ ಈ ಸೀಮೆ ಹೊಸದಲ್ಲ. ಪನಮರ–ನಡವಯಲ್ ನಡುವಿನ ಪುಂಜವಯಲಿನಲ್ಲಿ ಕಲ್ಲಿನ ಜೈನ ಗುಡಿಗಳು ಇವತ್ತಿಗೂ ಪಾಳುಬಿದ್ದು ನಿಂತಿವೆ, ಬತ್ತೇರಿಯಲ್ಲೂ ಒಂದಿದೆ. ಮೈಸೂರು ಸೀಮೆಯಿಂದ ಮಲಬಾರಿಗೆ ಸರಕು ಹೋಗುತ್ತಿದ್ದ ದಾರಿಯ ಗುರುತುಗಳು ಅವು. ಇಲ್ಲಿ ಕಾಟ್ಟುನಾಯ್ಕರೆಂದು ಕರೆಯುವವರು ನಮ್ಮ ಕಾಕನಕೋಟೆಯ ಜೇನುಕುರುಬರ ಬಳಗದವರು, ಮನೆಮಾತೂ ಕನ್ನಡದ ನಂಟಿನದೇ.

ಈ ಗುಡ್ಡ–ಗದ್ದೆಗಳ ನಡುವೆ ಹಳೆಯದೊಂದು ಲೇವಾದೇವಿ ಇತ್ತು. ಮಳೆಗಾಲದಲ್ಲಿ ಗುಡ್ಡದ ಕಾಡಿನಿಂದ ತರಗು, ಮೇಲ್ಮಣ್ಣು, ಕೊಳೆತ ಎಲೆಯ ರಸ ಎಲ್ಲವೂ ತೊಳೆದುಕೊಂಡು ಕೆಳಗಿನ ಬಯಲಿಗೆ ಬಂದು ಕೂರುತ್ತಿತ್ತು. ಗಂಧಕಸಾಲೆ, ಜೀರಕಸಾಲೆಯಂಥ ಉದ್ದ ಹುಲ್ಲಿನ, ನಿಧಾನವಾಗಿ ಮಾಗುವ ಭತ್ತಕ್ಕೆ ಅಷ್ಟು ಸಾಕು. ಎಕರೆಗೆ ಇಳುವರಿ ಕಡಿಮೆ, ಆದರೆ ಗೊಬ್ಬರಕ್ಕೆ ಯಾರ ಮುಂದೆಯೂ ಕೈಚಾಚಬೇಕಿರಲಿಲ್ಲ. ನೀರು ನಿಂತ ಗದ್ದೆಯಲ್ಲಿ ಏಡಿ, ಕಪ್ಪೆ, ಬಸವನಹುಳು, ಸಣ್ಣಮೀನು. ಬದುವಿನ ಮೇಲೆ ಹತ್ತಾರು ಬಗೆಯ ಸೊಪ್ಪು. ಇವನ್ನೆಲ್ಲ ಆರಿಸಿ ಅಡುಗೆ ಮಾಡುತ್ತಿದ್ದವರು ಈ ಗದ್ದೆಗಳಲ್ಲಿ ದುಡಿಯುತ್ತಿದ್ದ ಆದಿವಾಸಿ ಪಣಿಯರು, ಅದರಲ್ಲೂ ಪಣಿಯ ಹೆಂಗಸರು. ಗದ್ದೆಯಲ್ಲಿ ತಿಂದು ಹಾರಿಹೋದ ಬೆಳ್ಳಕ್ಕಿ, ಕೊಕ್ಕರೆಗಳು ಪನಮರ ಹೊಳೆಯ ನಡುಗಡ್ಡೆಯ ಬಿದಿರ ಮೆಳೆಗಳಲ್ಲಿ ಗೂಡು ಕಟ್ಟುತ್ತಿದ್ದವು, ಈಗಲೂ ಕಟ್ಟುತ್ತವೆ. ಗದ್ದೆಯ ಕಪ್ಪೆಯಲ್ಲಿದ್ದ ರಂಜಕ ಹೀಗೆ ಹಿಕ್ಕೆಯಾಗಿ ಬಿದಿರಿನ ಬುಡ ಸೇರುತ್ತದೆ.

ಆ ಕಾಲ ಚೆನ್ನಾಗಿತ್ತು ಎಂದು ಹೇಳುವ ಆಸೆ ನನಗಿಲ್ಲ. ಗದ್ದೆಯ ಒಡೆಯರು ಬೇರೆ, ಕೆಸರಿಗಿಳಿದವರು ಬೇರೆ. ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಒಂದಿಷ್ಟು ದುಡ್ಡು ಕೊಟ್ಟು ಪಣಿಯ ಕುಟುಂಬವನ್ನು ವರ್ಷಕ್ಕೆ ಹಿಡಿದುಕೊಳ್ಳುವ ಪದ್ಧತಿ ಇತ್ತು. ದಿನಗೂಲಿ ಭತ್ತದಲ್ಲೇ ಅಳೆಯುತ್ತಿದ್ದರು, ಅದೂ ಹೊಟ್ಟೆ ಪೂರ್ತಿ ತುಂಬದಷ್ಟು. ಉಳಿದ ಹೊಟ್ಟೆಯನ್ನು ಏಡಿ, ಸೊಪ್ಪುಗಳೇ ತುಂಬಬೇಕಿತ್ತು. ಒಡೆಯನ ಕಣಜ ತುಂಬುವುದಕ್ಕೆ ಬೇಕಾದ ದುಡಿಮೆಯ ಕಸುವಿನಲ್ಲಿ ಒಂದು ಪಾಲನ್ನು ಗದ್ದೆಯ ಜೀವಜಾಲ ಪುಕ್ಕಟೆಯಾಗಿ ಕೊಡುತ್ತಿತ್ತು ಎಂದರೆ ಸರಿಯಾದೀತು. ಆಮೇಲೆ ಕೀಟನಾಶಕ ಬಂದಾಗ ಮೊದಲು ಖಾಲಿಯಾದದ್ದು ಪಣಿಯರ ಮಡಕೆ.

1942ರ ಅಕ್ಟೋಬರಿನಲ್ಲಿ ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲಿ ರೇಮಂಡ್ ಲಿಂಡೆಮನ್ ಎಂಬ ತರುಣನ ಲೇಖನ ಅಚ್ಚಾಯಿತು. ಮಿನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯಲ್ಲಿ ಪಾಚಿಯಿಂದ ಹುಳಕ್ಕೆ, ಹುಳದಿಂದ ದೊಡ್ಡ ಜೀವಿಗೆ ಬಿಸಿಲಿನ ಶಕ್ತಿ ಎಷ್ಟೆಷ್ಟು ದಾಟುತ್ತದೆ ಎಂದು ಆತ ವರ್ಷಗಟ್ಟಲೆ ಅಳೆದಿದ್ದ. ಪ್ರತಿ ಮೆಟ್ಟಿಲಿನಲ್ಲೂ ಬಹುಪಾಲು ಶಕ್ತಿ ಉಸಿರಾಗಿ, ಶಾಖವಾಗಿ ಹೋಗಿಬಿಡುತ್ತದೆ. ಮೇಲಿನ ಮೆಟ್ಟಿಲಿಗೆ ದಕ್ಕುವುದು ಚೂರು. ಹತ್ತರಲ್ಲಿ ಒಂದು ಪಾಲು ಎಂದು ಈಗ ಶಾಲೆಯಲ್ಲಿ ಕಲಿಸುವ ಒರಟು ಲೆಕ್ಕದ ಮೂಲ ಅದು. ಲೇಖನ ಹೊರಬರುವ ಕೆಲವು ತಿಂಗಳ ಮೊದಲೇ, 26ನೇ ವಯಸ್ಸಿಗೆ, ಲಿಂಡೆಮನ್ ತೀರಿಕೊಂಡಿದ್ದ. ಅವನ ಲೆಕ್ಕದಿಂದ ಹೊರಟರೆ ಇನ್ನೊಂದು ಭೇದವೂ ಸ್ಪಷ್ಟವಾಗುತ್ತದೆ. ಶಕ್ತಿ ಒಮ್ಮೆ ಶಾಖವಾಯಿತೆಂದರೆ ಮುಗಿಯಿತು, ವಾಪಸು ಬರುವುದಿಲ್ಲ. ದಿನವೂ ಹೊಸ ಬಿಸಿಲು ಬೇಕು. ಸಾರಜನಕ, ರಂಜಕ, ಪೊಟ್ಯಾಷ್‌ಗಳು ಹಾಗಲ್ಲ. ಅವು ಸುಟ್ಟುಹೋಗುವುದಿಲ್ಲ, ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ, ಮೈಯಿಂದ ಮಣ್ಣಿಗೆ ತಿರುಗುತ್ತಿರುತ್ತವೆ. ಹಾಗೆ ತಿರುಗುವ ಸರಕನ್ನು ಬೇರೆ ಕಡೆಗೆ ಸಾಗಿಸಲೂಬಹುದು. ಕೇಣಿಚಿರದ ಮುಂದಿನ ಐವತ್ತು ವರ್ಷಗಳೆಂದರೆ ಈ ಸಾಗಾಟದ ಚರಿತ್ರೆಯೇ.

ಅದೇ 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿತು. ತಿರುವಾಂಕೂರು ಉಣ್ಣುತ್ತಿದ್ದುದು ಬರ್ಮಾದ ಅಕ್ಕಿ. ಹಡಗು ನಿಂತಿತು, ಹಸಿವು ಬಂತು, 'ಹೆಚ್ಚು ಆಹಾರ ಬೆಳೆಯಿರಿ' ಎಂದು ಸರ್ಕಾರ ಕೂಗಿತು. ತಿರುವಾಂಕೂರಿನ ಬಡ ರೈತರು, ಬಹುಪಾಲು ಕ್ರೈಸ್ತರು, ಇದ್ದ ತುಂಡು ನೆಲವನ್ನು ಮಾರಿಕೊಂಡು ಮಲಬಾರಿನ ಕಾಡಿಗೆ ಹೊರಟರು. ಆಗ ಮದ್ರಾಸು ಪ್ರಾಂತ್ಯದಲ್ಲಿದ್ದ ವಯನಾಡಿನಲ್ಲಿ ಮಹಾಯುದ್ಧದಿಂದ ಮರಳಿದ ಸೈನಿಕರಿಗಾಗಿ ಅಂಬಲವಯಲ್ ಸುತ್ತ ವಸಾಹತು ಯೋಜನೆ ಶುರುವಾಯಿತು. ಅಲ್ಲಿವರೆಗೆ ಹೊರಗಿನವರನ್ನು ತಡೆದಿದ್ದದ್ದು ಮಲೇರಿಯಾ. ಡಿಡಿಟಿ ಬಂದ ಮೇಲೆ ಆ ಕಾವಲೂ ಹೋಯಿತು.

ಬಂದವರು ಕಾಡು ಕಡಿದು ಬೆಂಕಿ ಕೊಟ್ಟರು. ಮಲೆಗಾಡಿನ ಸಾರವೆಲ್ಲ ಇರುವುದು ಮರದಲ್ಲಿ, ತರಗಿನಲ್ಲಿ, ಗೇಣುದ್ದದ ಮೇಲ್ಮಣ್ಣಿನಲ್ಲಿ; ಅದರ ಕೆಳಗಿನ ಕೆಂಪು ಮಣ್ಣು ಮಳೆಗೆ ತೊಳೆದು ಬಡವಾಗಿರುತ್ತದೆ. ಸುಟ್ಟಾಗ ನೂರಾರು ವರ್ಷದ ಉಳಿತಾಯ ಒಂದೇ ಸಲಕ್ಕೆ ಬೂದಿಯಾಗಿ ಕೈಗೆ ಬರುತ್ತದೆ. ಮೊದಲ ವರ್ಷಗಳಲ್ಲಿ ಮರಗೆಣಸು ತೊಡೆಗಾತ್ರ ಬಂತು, ಗುಡ್ಡದ ಭತ್ತ ತೂಗಿತು. ಮಣ್ಣು ಇಳಿಜಾರಿನಲ್ಲಿ ಜಾರತೊಡಗಿದ ಮೇಲೆ ಮಜ್ಜಿಗೆಹುಲ್ಲು ಬೆಳೆದು, ಅಲ್ಲೇ ಒಲೆ ಹೂಡಿ, ಕಾಡಿನ ಸೌದೆ ಉರಿಸಿ ಎಣ್ಣೆ ಇಳಿಸಿದರು. ಒಂದು ಸಣ್ಣ ಡಬ್ಬಿ ಎಣ್ಣೆಗೆ ಎಷ್ಟು ಮರ ಉರಿಯುತ್ತಿತ್ತೆಂಬ ಲೆಕ್ಕವನ್ನು ಆಗ ಯಾರೂ ಇಡಲಿಲ್ಲ, ಸೌದೆಗೆ ಬೆಲೆಯೇ ಇರಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಜ್ವರದಲ್ಲಿ ಮಕ್ಕಳನ್ನು ಕಳೆದುಕೊಂಡು, ಆನೆ ಹಂದಿಗಳ ಜೊತೆ ಬಡಿದಾಡಿ ಬದುಕಿದ ಜನ ಅವರು.

ಬಿದಿರಿನ ಕತೆ ಬೇರೆ; ಅಲ್ಲಿ ದೂರಲು ಕಾರಣವಿದೆ. 1958ರಲ್ಲಿ ಕೇರಳದ ಮೊದಲ ಸರ್ಕಾರ ಬಿರ್ಲಾ ಸಮೂಹದ ಗ್ವಾಲಿಯರ್ ರೇಯಾನ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಕೋಳಿಕ್ಕೋಡ್ ಬಳಿಯ ಮಾವೂರಿನಲ್ಲಿ ಚಾಲಿಯಾರ್ ನದಿಯ ದಂಡೆಯ ಮೇಲೆ ಕಾರ್ಖಾನೆ 1963ರಲ್ಲಿ ಶುರುವಾಯಿತು. ಬಿದಿರಿಗೆ ಸರ್ಕಾರ ಹಾಕಿದ ಬೆಲೆ ಟನ್ನಿಗೆ ಒಂದು ರೂಪಾಯಿ. ನಾವೇನೂ ಕಡಿಮೆಯಿಲ್ಲ, ಆ ಒಪ್ಪಂದದ ವರ್ಷವೇ ದಾಂಡೇಲಿಯ ಕಾಗದದ ಗಿರಣಿಗೆ ನಮ್ಮ ಬಿದಿರು ಒಂದೂವರೆ ರೂಪಾಯಿಗೆ ಹೋಯಿತು. ಇದು ಮುಗಿಯದ ಗಣಿ ಎಂದೇ ಅರಣ್ಯ ಇಲಾಖೆಗಳು ನಂಬಿದ್ದವು. ಅದು ಹಾಗಲ್ಲವೆಂದು 70ರ ದಶಕದಲ್ಲಿ ಕರ್ನಾಟಕ ಸರ್ಕಾರಕ್ಕೆ ಲೆಕ್ಕಹಾಕಿ ತೋರಿಸಿದವರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು. ವಯನಾಡಿನ ಮೆಳೆಗಳು ತಾಮರಶ್ಶೇರಿ ಘಾಟಿಯ ತಿರುವುಗಳಲ್ಲಿ ಲಾರಿಯ ಮೇಲೆ ಇಳಿದು, ಮಾವೂರಿನಲ್ಲಿ ತಿರುಳಾಗಿ, ಉಳಿದ ಕೊಳೆ ಚಾಲಿಯಾರಿಗೆ ಸೇರಿತು. ಬಿದಿರು ಸಾಲದೆ ಬಂದಾಗ ಸಹಜ ಕಾಡು ತೆಗೆದು ನೀಲಗಿರಿ ನೆಟ್ಟರು. ಮಾವೂರಿನ ಕಾರ್ಖಾನೆ 2001ರಲ್ಲಿ ಬಾಗಿಲು ಹಾಕಿತು, ನೀಲಗಿರಿ ಉಳಿಯಿತು.

ಲಾರಿಗಳು ಪಡುವಣಕ್ಕೆ ಇಳಿದರೆ ಹೊಳೆ ಮೂಡಣಕ್ಕೆ ಇಳಿಯುತ್ತದೆ. ಕೇಣಿಚಿರದ ಸುತ್ತಿನ ತೊರೆಗಳ ನೀರು ಪನಮರ ಹೊಳೆ ಸೇರಿ, ಮುಂದೆ ಮಾನಂತವಾಡಿ ಹೊಳೆಯೊಂದಿಗೆ ಕೂಡಿ ಕಬಿನಿಯಾಗಿ ಕರ್ನಾಟಕಕ್ಕೆ ಬರುತ್ತದೆ. ಕಾಡು ಕಳಚಿದ ಗುಡ್ಡಗಳ ಮಣ್ಣು ಈ ನೀರಿನಲ್ಲೇ ಬಂತು. ಬೀಚನಹಳ್ಳಿಯಲ್ಲಿ 1959ರಲ್ಲಿ ಶುರುವಾದ ಅಣೆಕಟ್ಟೆ 1974ರಲ್ಲಿ ಮುಗಿದು, 19.52 ಟಿಎಂಸಿ ನೀರು ಹಿಡಿಯುವ ಜಲಾಶಯವಾಯಿತು. ಕಾಕನಕೋಟೆಯ ಕಾಡು, ಊರುಗಳು, ಹಾಡಿಗಳು ಮುಳುಗಿದವು. ಅಲ್ಲಿನ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆ ಹಿಡಿಯುವ ಕಾಲ ಮುಗಿದ ಜಾಗದಲ್ಲೇ ಆನೆ ಸೇರುವ ಕಾಲ ಶುರುವಾದದ್ದು ಒಂದು ವಿಚಿತ್ರ. ಮಾರ್ಚ್ ದಾಟಿದ ಮೇಲೆ ಜಲಾಶಯದ ನೀರು ಹಿಂದೆ ಸರಿದಾಗ ಹೂಳು ಬಯಲಾಗುತ್ತದೆ, ಸುತ್ತಲಿನ ಕಾಡು ಒಣಗಿ ಕಡ್ಡಿಯಾಗಿರುವಾಗ ಆ ಹೂಳಿನ ಮೇಲೆ ಎಳೆಹುಲ್ಲು ಚಿಗುರುತ್ತದೆ. ಏಷ್ಯಾದ ಆನೆಗಳ ಅತಿ ದೊಡ್ಡ ಕೂಟವೆಂದು ಪ್ರವಾಸಿಗರು ದುಬಾರಿ ಜೀಪು ಹತ್ತಿ ನೋಡುವುದು ಇದನ್ನೇ. ಆ ಹುಲ್ಲಿಗೆ ಬೇಕಾದ ರಂಜಕದಲ್ಲಿ ಒಂದು ಪಾಲು ವಯನಾಡಿನ ಯಾವುದೋ ಮರಗೆಣಸಿನ ಹೊಲದಿಂದ ಕೊಚ್ಚಿ ಬಂದದ್ದು. ಗದ್ದೆಯಲ್ಲೇ ತಂಗಬೇಕಿದ್ದ ಮಣ್ಣು ಆನೆಯ ಹೊಟ್ಟೆ ಸೇರಿತೆನ್ನಿ. ಗದ್ದೆಗಳೂ ಮೊದಲಿನ ಹಾಗೆ ಮಣ್ಣು ತಡೆಯುವ ಸ್ಥಿತಿಯಲ್ಲಿ ಉಳಿಯಲಿಲ್ಲ. 70ರ ದಶಕದಿಂದ ಈಚೆಗೆ ವಯನಾಡಿನ ಭತ್ತದ ಬಯಲು ಮೂರರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯಿತು, ಕಾಲುವೆ ತೆಗೆದು ನೀರು ಬಸಿದು ಬಾಳೆ ನೆಟ್ಟರು.

ಇಷ್ಟಾದ ಮೇಲೂ ಕೇಣಿಚಿರ ಸೊರಗಲಿಲ್ಲ, ಯಾಕೆಂದರೆ ಗುಡ್ಡದ ಮೇಲೆ ಮತ್ತೆ ಮರ ಬಂದಿತ್ತು. ಕಾಫಿಗೆ ನೆರಳು ಬೇಕು, ಮೆಣಸಿಗೆ ಆಸರೆ ಬೇಕು. ಆಸರೆಗೆ ನೆಟ್ಟದ್ದು ಹಾಲುವಾಣ, ಅಲ್ಲಿನವರ ಮುರಿಕ್ಕು. ಅದು ಬರೀ ಕಂಬವಲ್ಲ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ವರ್ಷಕ್ಕೊಮ್ಮೆ ರೆಂಬೆ ಸವರಿ ಬುಡಕ್ಕೆ ಹಾಕಿದರೆ ಗೊಬ್ಬರ. ಇಂಥ ತೋಟಕ್ಕೂ ಆಚೆಯಿಂದ ಏನೂ ಬೇಡವೇ ಎಂದರೆ ಬೇಕು. ಕಾಫಿ ಬೀಜ ಚೀಲಕಟ್ಟಿ ಹೋಗುವಾಗ ತೋಟದ ಸಾರಜನಕ, ಪೊಟ್ಯಾಷ್ ಜೊತೆಗೆ ಹೋಗುತ್ತದೆ. ಇಟಲಿಯಲ್ಲೋ ರಷ್ಯಾದಲ್ಲೋ ಕುಡಿದವರ ಮೈಯಿಂದ ಅದು ಕೇಣಿಚಿರಕ್ಕೆ ಮರಳುವ ದಾರಿಯಿಲ್ಲ.

ಕಾಫಿಯ ದುಡ್ಡಿನ ದಾರಿ ಬದಲಾದದ್ದು 90ರ ದಶಕದಲ್ಲಿ. ಅಲ್ಲಿವರೆಗೆ ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕು, ಹಣ ಕಂತು ಕಂತಾಗಿ ಬರಬೇಕು. ಹಂತ ಹಂತವಾಗಿ ಸಡಿಲವಾದ ಆ ಪದ್ಧತಿ 1996ಕ್ಕೆ ಪೂರ್ತಿ ಮುಗಿಯಿತು. ಸರಿಯಾಗಿ ಅದೇ ಹೊತ್ತಿನಲ್ಲಿ ಬ್ರೆಜಿಲ್ಲಿನ ಹಿಮ. ಎರಡೆಕರೆಯ ರೈತನೂ ಅಂಗಡಿಗೆ ಚೀಲ ಹೊತ್ತುಹೋಗಿ, ಏರಿದ ಧಾರಣೆಯನ್ನು ಕೈಯಲ್ಲಿ ಎಣಿಸಿಕೊಂಡು ಬಂದ ಕಾಲ ಅದು. ಕೈಯಲ್ಲಿ ದುಡ್ಡು ಬಂದ ಬೆಳೆಗಾರ ಮೊದಲು ಮಾಡಿದ ಕೆಲಸ ತೋಟಕ್ಕೆ ಗೊಬ್ಬರ ಕೊಡುವುದು. ರಸಗೊಬ್ಬರದ ಜೊತೆಗೆ ಕೊಟ್ಟಿಗೆ ಗೊಬ್ಬರವೂ ಬೇಕು. ರೊಬಸ್ಟಾದ ಬೇರು ಮೇಲ್ಮಣ್ಣಿನಲ್ಲೇ ಹರಡುವಂಥದ್ದು. ಬುಡದ ಸುತ್ತ ಒಂದು ಪದರ ಸಗಣಿ ಗೊಬ್ಬರ ಹರವಿ ಮೇಲೆ ತರಗು ಮುಚ್ಚಿದರೆ ಬೇಸಿಗೆಯಲ್ಲೂ ತೇವ ಹಿಡಿಯುತ್ತದೆ, ಎರೆಹುಳು ಮೇಲೆ ಬರುತ್ತದೆ. ಆದರೆ ತೋಟಕ್ಕೆ ಸಾಕಾಗುವಷ್ಟು ಸಗಣಿ ವಯನಾಡಿನಲ್ಲಿ ಇರಲಿಲ್ಲ. ಎರಡು ಹಸು ಕಟ್ಟಿದ ಮನೆಯವನು ಎಷ್ಟು ಗೊಬ್ಬರ ಕೂಡಿಟ್ಟಾನು? ಲಾರಿಗಳು ಮುತ್ತಂಗ ದಾಟಿ, ಮೂಲೆಹೊಳೆ ದಾಟಿ, ಗುಂಡ್ಲುಪೇಟೆ ಕಡೆಗೆ ಬಂದವು.

ಬಂಡೀಪುರದ ಬಡಗಣ ಅಂಚಿನ ಹಳ್ಳಿಗಳಲ್ಲಿ ದನ ಬೇಕಾದಷ್ಟಿದ್ದವು. ಉಳುವುದಕ್ಕೆ ಎತ್ತು, ಹೊಲಕ್ಕೆ ಗೊಬ್ಬರ, ಮನೆಗೆ ಒಂದಿಷ್ಟು ಹಾಲು, ಇಷ್ಟಕ್ಕೆ ಸಾಕಿದ ಸಣ್ಣ ಮೈಯ ನಾಟಿ ದನ. ಬೆಳಿಗ್ಗೆ ಹೊಡೆದುಕೊಂಡು ಹೋದರೆ ಕಾಡಿನಲ್ಲಿ ಮೇಯುತ್ತವೆ, ಹೊತ್ತು ಮುಳುಗುವಾಗ ದೊಡ್ಡಿಗೆ ಬರುತ್ತವೆ. ಇಲ್ಲಿ ನಿಲ್ಲಬೇಕು, ಈ ದಿನಚರಿಯಲ್ಲೇ ಎಲ್ಲ ಇದೆ. ಜಿಂಕೆ ಕಾಡಿನಲ್ಲಿ ತಿಂದು ಕಾಡಿನಲ್ಲೇ ಹಿಕ್ಕೆ ಹಾಕುತ್ತದೆ. ಸಗಣಿಹುಳು ಅದನ್ನು ಉರುಳಿಸಿ ಹೂಳುತ್ತದೆ. ಮಳೆ ಬಿದ್ದಾಗ ಅದೇ ಜಾಗದಲ್ಲಿ ಹುಲ್ಲು. ದನ ಮೇಯುವುದು ಹಗಲು ಕಾಡಿನಲ್ಲಿ, ಮೆಲುಕು ಹಾಕುತ್ತ ಸಗಣಿ ಹಾಕುವುದು ರಾತ್ರಿ ದೊಡ್ಡಿಯಲ್ಲಿ. ಹುಲ್ಲಿನಲ್ಲಿದ್ದ ಶಕ್ತಿಯ ಬಹುಭಾಗ ದನದ ನಡಿಗೆಗೆ, ಉಸಿರಿಗೆ, ಮೈಕಾವಿಗೆ ಖರ್ಚಾಗುತ್ತದೆ. ಸಾರಜನಕ, ರಂಜಕಗಳು ಮಾತ್ರ ನಾಲ್ಕು ಕಾಲಿನ ಮೇಲೆ ನಡೆದು ದಿನವೂ ಕಾಡಿನಿಂದ ಊರಿಗೆ ಬರುತ್ತವೆ.

ಹಿಂದೆ ಅದು ಅಷ್ಟಕ್ಕೇ ನಿಲ್ಲುತ್ತಿತ್ತು. ಬೆಳಗಾಗೆದ್ದು ದೊಡ್ಡಿ ಬಳಿದು, ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಸುರಿಯುವುದು ಮನೆಯ ಹೆಂಗಸರ ಕೆಲಸ. ಬೂದಿ, ಕಸ, ದನ ತಿಂದುಳಿಸಿದ ಕಡ್ಡಿ ಎಲ್ಲ ಅದರ ಮೇಲೆ. ಚಳಿಯ ಬೆಳಿಗ್ಗೆ ತಿಪ್ಪೆ ಅಗೆದರೆ ಒಳಪದರದಿಂದ ಹಬೆ ಏಳುತ್ತದೆ, ಕೈಯಿಟ್ಟರೆ ಬಿಸಿ ತಟ್ಟುತ್ತದೆ. ಹುಲ್ಲು ಹಿಡಿದಿಟ್ಟ ಬಿಸಿಲಿನಲ್ಲಿ ದನಕ್ಕೆ ದಕ್ಕದೆ ಉಳಿದದ್ದನ್ನು ಸೂಕ್ಷ್ಮಜೀವಿಗಳು ಉರಿಸುತ್ತಿರುವ ಶಾಖ ಅದು. ಯುಗಾದಿ ಹೊತ್ತಿಗೆ ಗಾಡಿ ಕಟ್ಟಿ ಹೊಲಕ್ಕೆ ಹೊಡೆದರೆ ಜೋಳ, ರಾಗಿ, ಹುರುಳಿಗೆ ಅದೇ ಊಟ. ಈಗ ತಿಪ್ಪೆಯ ಪಕ್ಕ ಲಾರಿ ಬಂದು ನಿಂತಿತು. ಗುದ್ದಲಿಯಲ್ಲಿ ಅಗೆದು, ಮಂಕರಿಯಲ್ಲಿ ತುಂಬಿ, ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿದರೆ ಕೈಗೆ ನೋಟು. ಮಳೆ ಕೈಕೊಟ್ಟರೆ ಜೋಳ ಬರುತ್ತದೋ ಇಲ್ಲವೋ. ದನ ಇದ್ದಷ್ಟು ದಿನ ಸಗಣಿ ಬಂದೇ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಕೃಷಿ ಪಠ್ಯಗಳ ಪ್ರಕಾರ ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು ಸಾರಜನಕ, 0.2 ಪಾಲು ರಂಜಕ, ಮತ್ತೆ ಅರ್ಧ ಪಾಲು ಪೊಟ್ಯಾಷ್. 10 ಟನ್ನಿನ ಒಂದು ಲೋಡ್‌ನಲ್ಲಿ 50 ಕಿಲೋ ಸಾರಜನಕ, 20 ಕಿಲೋ ರಂಜಕ, 50 ಕಿಲೋ ಪೊಟ್ಯಾಷ್ ಹೋದಂತಾಯಿತು. ಸಾರಜನಕ ಮಾತ್ರ ನೋಡಿದರೆ ಎರಡು ಚೀಲ ಯೂರಿಯಾಕ್ಕಿಂತ ತುಸು ಹೆಚ್ಚು, ಅಷ್ಟೇ. ಹಳ್ಳಿಯವರು ಮಾಡಿದ್ದೂ ಅದನ್ನೇ: ಸಗಣಿ ಮಾರಿ, ಬಂದ ದುಡ್ಡಿನಲ್ಲಿ ಒಂದು ಭಾಗಕ್ಕೆ ಯೂರಿಯಾ ತಂದು ಸ್ವಂತ ಹೊಲಕ್ಕೆ ಎರಚಿದರು. ಕಾಗದದ ಮೇಲೆ ಲಾಭದ ವ್ಯಾಪಾರ. ಆದರೆ ಯೂರಿಯಾದಲ್ಲಿ ರಂಜಕವಿಲ್ಲ, ಪೊಟ್ಯಾಷ್ ಇಲ್ಲ, ಮಣ್ಣಿಗೆ ತೇವ ಹಿಡಿಯುವ ಗುಣ ಕೊಡುವ ಕೊಳೆತ ನಾರು ಇಲ್ಲ. ಬಯಲುಸೀಮೆಯ ಮಳೆ ನಂಬಿದ ಹೊಲಕ್ಕೆ ಕೊನೆಯದೇ ಎಲ್ಲಕ್ಕಿಂತ ಮುಖ್ಯ.

ಈ ಸರಪಳಿಯ ಎರಡೂ ತುದಿಗಳನ್ನು ಹಿಡಿದು ಜೋಡಿಸಿದವರು ಮೈಸೂರಿನ ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್. 2005ರಲ್ಲಿ 'ಕನ್ಸರ್ವೇಷನ್ ಬಯಾಲಜಿ' ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನ ಹೇಳಿದ್ದು ಇಷ್ಟು: ಜಾಗತಿಕ ಕಾಫಿ ಪೇಟೆಯ ಏರಿಕೆ ನೆರೆಯ ಜಿಲ್ಲೆಗಳ ಬೆಳೆಗಾರರಿಗೆ ಗೊಬ್ಬರ ಕೊಳ್ಳುವ ಶಕ್ತಿ ಕೊಟ್ಟಿತು, ಊರೊಳಗೇ ಬಳಕೆಯಾಗುತ್ತಿದ್ದ ಸಗಣಿ ರಫ್ತಿನ ಸರಕಾಯಿತು, ಬಂಡೀಪುರದ ಅಂಚಿನಲ್ಲಿ ಸಗಣಿಗಾಗಿಯೇ ದನ ಸಾಕುವುದು ಲಾಭವಾಗಿ, ಕಾಡಿನ ಮೇಲೆ ಮೇವಿನ ಒತ್ತಡ ಏರಿತು. ಹಾಲು ಕೊಡದ, ನೊಗಕ್ಕೂ ಬಾರದ ದನವನ್ನು ಈ ಜನ ಯಾಕೆ ಇಟ್ಟುಕೊಂಡಿದ್ದಾರೆ ಎಂದು ಅಲ್ಲಿವರೆಗೆ ಅಧಿಕಾರಿಗಳು ಬೈಯುತ್ತಿದ್ದರು, ಸಂಪ್ರದಾಯ, ಅಜ್ಞಾನ ಎಂದೆಲ್ಲ. ಅವರು ಪೇಟೆಯನ್ನು ಅಧಿಕಾರಿಗಳಿಗಿಂತ ಚೆನ್ನಾಗಿ ಓದಿದ್ದರು.

ದನ ತಿಂದ ಹುಲ್ಲು ಬೇರೆಯವರ ಪಾಲಿನದು. ಪಕ್ಕದ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು 1986ರಿಂದ ನಡೆಸಿದ ಅಧ್ಯಯನದಲ್ಲಿ ಕಾಡೆಮ್ಮೆ, ಕಡವೆ, ಜಿಂಕೆ, ಆನೆ ಎಲ್ಲ ಸೇರಿ ಪ್ರತಿ ಚದರ ಕಿಲೋಮೀಟರಿಗೆ ಸುಮಾರು 15 ಸಾವಿರ ಕಿಲೋ ತೂಕದ ಸಸ್ಯಾಹಾರಿಗಳು ಕಂಡವು. ಏಷ್ಯಾದ ಕಾಡುಗಳಲ್ಲಿ ಇದು ದೊಡ್ಡ ಸಂಖ್ಯೆ. ಕಾರಣ ಹುಡುಕಿದರೆ ಮತ್ತೆ ನೆಲದ ರೂಪಕ್ಕೇ ಬರಬೇಕು. ಕಾಡಿನ ನಡುವಿನ ಹಡ್ಲುಗಳು, ಅಂದರೆ ಕೇಣಿಚಿರದಲ್ಲಿ ಗದ್ದೆಯಾದಂಥದ್ದೇ ಜೌಗು ಬಯಲುಗಳು, ಅಲ್ಲಿ ವರ್ಷವಿಡೀ ಹಸಿರಾಗಿರುತ್ತವೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಹಿಂಡು ಕರಗದೆ ಪ್ರತಿ ವರ್ಷ 50 ಸಿಗಬೇಕಾದರೆ 500 ಇರಬೇಕು. ಲಿಂಡೆಮನ್ನನ ಕೆರೆಯ ಲೆಕ್ಕವೇ ಇಲ್ಲಿ ಪಟ್ಟೆ ತೊಟ್ಟು ನಿಂತಿದೆ. ಕಾಡಂಚಿನ ಹುಲ್ಲು ದನಕ್ಕೆ ಹೋದಷ್ಟೂ ಜಿಂಕೆ ಕಡಿಮೆ, ಜಿಂಕೆ ಕಡಿಮೆಯಾದಷ್ಟೂ ಹುಲಿಗೆ ದನವೇ ಗತಿ. ರೋಗವೂ ಇದೇ ದಾರಿ ಹಿಡಿಯುತ್ತದೆ. 1968ರಲ್ಲಿ ದನಗಳ ದೊಡ್ಡರೋಗ ಬಂಡೀಪುರ, ಮುದುಮಲೆಗಳ ಕಾಡೆಮ್ಮೆಗಳನ್ನು ಗುಡಿಸಿಹಾಕಿತ್ತು.

2000ದ ಹೊತ್ತಿಗೆ ಕಾಫಿ ಧಾರಣೆ ಕುಸಿಯಿತು. ವಿಯೆಟ್ನಾಂನ ರೊಬಸ್ಟಾ ಪೇಟೆಗೆ ನುಗ್ಗಿತ್ತು. ಜೊತೆಗೆ ಪುಲ್ಪಳ್ಳಿ ಕಡೆಯ ಮೆಣಸಿಗೆ ಸೊರಗು ರೋಗ, 2005ರ ಸುಮಾರಿಗೆ ಹಾಲುವಾಣಕ್ಕೆ ಹೊರದೇಶದಿಂದ ಬಂದ ಗಂಟು ಕಣಜದ ಕಾಟ. ಎಲೆ ಮುರುಟಿ, ರೆಂಬೆ ಗಂಟುಗಟ್ಟಿ, ಸಾಲು ಸಾಲು ಹಾಲುವಾಣ ಸತ್ತಿತು. ಬದಲಿಗೆ ನೆಟ್ಟದ್ದು ಹೆಚ್ಚಾಗಿ ಸಿಲ್ವರ್ ಓಕ್. ಅದು ಗಾಳಿಯಿಂದ ಸಾರಜನಕ ಹಿಡಿಯುವ ಮರವಲ್ಲ. ಸಾಲ ತೀರಿಸಲಾಗದೆ ಪ್ರಾಣ ಕಳೆದುಕೊಂಡ ರೈತರ ಸುದ್ದಿ ಆ ವರ್ಷಗಳಲ್ಲಿ ವಯನಾಡಿನಿಂದ ಮೇಲಿಂದ ಮೇಲೆ ಬರುತ್ತಿತ್ತು.

ಗಟ್ಟಿಗರು ಬೇರೆ ದಾರಿ ಹಿಡಿದರು: ಶುಂಠಿ. ಒಂದೇ ನೆಲದಲ್ಲಿ ಮೇಲಿಂದ ಮೇಲೆ ಹಾಕಿದರೆ ಕೊಳೆರೋಗ ಹಿಡಿಯುವ, ಮಣ್ಣಿನ ಸಾರವನ್ನು ಹೀರುವ ಬೆಳೆ ಅದು. ವಯನಾಡಿನಲ್ಲಿ ಹೊಸ ನೆಲ ಎಲ್ಲಿಂದ ಬರಬೇಕು? ಕೊಡಗು, ಎಚ್.ಡಿ. ಕೋಟೆ, ಹುಣಸೂರು, ಮುಂದೆ ಶಿವಮೊಗ್ಗದವರೆಗೂ ಹೋಗಿ ಗದ್ದೆ ಗುತ್ತಿಗೆ ಹಿಡಿದರು. ಒಂದು ಬೆಳೆ ತೆಗೆದು ಮುಂದಿನ ತಾಕಿಗೆ ಹೋಗುವುದು. ಶುಂಠಿ ಕಿತ್ತ ಗದ್ದೆಯನ್ನು ಮತ್ತೆ ಹದಕ್ಕೆ ತರಲು ಮಾಲೀಕ ಒದ್ದಾಡಿದ್ದನ್ನು ನಮ್ಮ ಕಡೆಯ ಯಾವ ಊರಲ್ಲಿ ಕೇಳಿದರೂ ಹೇಳುತ್ತಾರೆ. ಅಜ್ಜಂದಿರು ಕಾಡು ಸುಟ್ಟು ಮಾಡಿದ ಬೇಸಾಯವನ್ನು ಮೊಮ್ಮಕ್ಕಳು ಗುತ್ತಿಗೆ ಪತ್ರದಲ್ಲಿ ಮಾಡಿದರು. ದುಡ್ಡಿನ ಆಸೆಗೆ ಗದ್ದೆ ಕೊಟ್ಟವರು ನಮ್ಮವರೇ ಎಂಬುದನ್ನೂ ಮರೆಯಬಾರದು.

ಕೇಣಿಚಿರದಲ್ಲಿ ಉಳಿದವರಿಗೆ ದಿನದ ಖರ್ಚಿಗೆ ಆಧಾರವಾದದ್ದು ಹಾಲು. ಮಿಶ್ರತಳಿ ಹಸು, ಡೇರಿ ಸಂಘ, ಕೊಟ್ಟಿಗೆಯ ಹಿಂದೆ ಒಂದು ಪಟ್ಟೆ ಮೇವಿನ ಹುಲ್ಲು. ಭತ್ತ ಹೋದ ಮೇಲೆ ಒಣಹುಲ್ಲು ಎಲ್ಲಿಯದು? ಅದೂ ಕರ್ನಾಟಕದಿಂದಲೇ. ಗುಂಡ್ಲುಪೇಟೆ ರಸ್ತೆಯಲ್ಲಿ ಬಣವೆಯಷ್ಟೆತ್ತರ ಹುಲ್ಲು ಹೇರಿದ ಲಾರಿಗಳು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದಲ್ಲಿ ವಾಹನ ಓಡಾಟ ನಿಂತ ಮೇಲೆ ಹೊತ್ತು ನೋಡಿಕೊಂಡು ಹೊರಡುತ್ತವೆ. 2023ರ ಬರದಲ್ಲಿ ಕರ್ನಾಟಕ ಸರ್ಕಾರ ಮೇವನ್ನು ಹೊರರಾಜ್ಯಕ್ಕೆ ಕಳಿಸುವುದನ್ನು ನಿಷೇಧಿಸಿದಾಗ ವಯನಾಡಿನ ಹಾಲುಗಾರರು ಕಂಗಾಲಾದರು. ಗಡಿಯ ಗೇಟು ಬಿದ್ದ ಆ ವಾರಗಳಲ್ಲಿ, ತಮ್ಮ ಹಸುವಿನ ಹೊಟ್ಟೆ ಯಾವ ಊರಿನ ಗದ್ದೆಯ ಮೇಲೆ ನಿಂತಿದೆ ಎಂಬುದು ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು.

2024ರ ಜೂನಿನಲ್ಲಿ ಆ ಹಸುಗಳನ್ನು ಹುಡುಕಿಕೊಂಡು ಹುಲಿ ಬಂತು. ಕೆಲವೇ ದಿನಗಳಲ್ಲಿ ಕೇಣಿಚಿರದ ಸುತ್ತ ಹಲವು ಹಸುಗಳು ಸತ್ತವು, ಜನ ಸತ್ತ ಹಸುಗಳನ್ನಿಟ್ಟುಕೊಂಡು ರಸ್ತೆಗಿಳಿದರು, ಜೂನ್ 23ರ ರಾತ್ರಿ ಅದು ಬೋನಿಗೆ ಬಿತ್ತು. ಅರಣ್ಯ ಇಲಾಖೆಯ ದಾಖಲೆಯಲ್ಲಿ ಅದರ ಹೆಸರು ತೋಲ್ಪೆಟ್ಟಿ 17. ಸುಮಾರು ಹತ್ತು ವರ್ಷದ ಗಂಡು. ಅದಕ್ಕೆ ಆರು ತಿಂಗಳ ಹಿಂದೆ ಅದೇ ಪಂಚಾಯ್ತಿಯ ವಾಕೇರಿ ಬಳಿ ಇನ್ನೊಂದು ಹುಲಿ ಹುಲ್ಲು ಕೊಯ್ಯಲು ಹೋದ ರೈತನನ್ನೇ ಕೊಂದಿತ್ತು. ಊರಿನವರ ಸಿಟ್ಟಿಗೆ ಅರ್ಥವಿದೆ. ಹುಲಿ ಹೆಚ್ಚಾಯಿತು ಎಂದು ಅವರು ಹೇಳುತ್ತಾರೆ. ಕಾಡಿನಲ್ಲಿ ಮೇವು ಕಡಿಮೆಯಾಯಿತು ಎನ್ನುವುದೂ ಅಷ್ಟೇ ನಿಜ.

ಮೇವು ಹೋದದ್ದು ಹೇಗೆಂದರೆ, ಬಿದಿರು. ಕಾರ್ಖಾನೆಗಳ ಕೈಯಿಂದ ಉಳಿದ ಮೆಳೆಗಳು 2010ರಿಂದೀಚೆಗೆ ಈ ಸೀಮೆಯಲ್ಲೆಲ್ಲ ಹೂಬಿಟ್ಟವು. ನಾಲ್ಕೈದು ದಶಕಕ್ಕೊಮ್ಮೆ ಹೂಬಿಟ್ಟು, ರಾಶಿ ರಾಶಿ ಬಿದಿರಕ್ಕಿ ಉದುರಿಸಿ ಸಾಯುವುದು ಅದರ ಧರ್ಮ. ಸತ್ತ ಮೆಳೆಯ ಜಾಗಕ್ಕೆ ಬಿಸಿಲು ಬೀಳುತ್ತದೆ, ಬಿದಿರು ಸಸಿಗಳು ಏಳುತ್ತವೆ. ಹಿಂದೆಲ್ಲ ಹಾಗೇ ಆಗಿದೆ. ಈ ಸಲ ಆ ಬಿಸಿಲಿಗೆ ಕಾದು ನಿಂತಿದ್ದದ್ದು ಸೆನ್ನಾ ಸ್ಪೆಕ್ಟಾಬಿಲಿಸ್. 80ರ ದಶಕದಲ್ಲಿ ಮುತ್ತಂಗದ ಕಡೆ ಹಳದಿ ಹೂವಿನ ಅಂದಕ್ಕೆ, ನೆರಳಿಗೆ ಇಲಾಖೆಯೇ ನೆಟ್ಟ ಅಮೆರಿಕ ಖಂಡದ ಮರ. 344 ಚದರ ಕಿಲೋಮೀಟರಿನ ವಯನಾಡು ಅಭಯಾರಣ್ಯದ ಬಹುದೊಡ್ಡ ಭಾಗ ಈಗ ಅದರ ವಶ. ಬಂಡೀಪುರ, ನಾಗರಹೊಳೆಗೂ ಕಾಲಿಟ್ಟಿದೆ. ದೂರದಿಂದ ನೋಡಿದರೆ ಕಾಡು ಹಸಿರಾಗಿಯೇ ಇದೆ, ಬಿಸಿಲೂ ಮೊದಲಿನಷ್ಟೇ ಎಲೆಯೊಳಗೆ ಇಳಿಯುತ್ತಿದೆ. ಆದರೆ ಆ ಎಲೆಯನ್ನು ಜಿಂಕೆ ಮೂಸುವುದಿಲ್ಲ, ಅದರಡಿ ಹುಲ್ಲು ಏಳುವುದಿಲ್ಲ. ಮೊದಲ ಮೆಟ್ಟಿಲಿನಲ್ಲೇ ಬಾಗಿಲು ಮುಚ್ಚಿದೆ. ನಮ್ಮ ಕಡೆ ಲಂಟಾನಾ ಮಾಡಿದ್ದೂ ಇದನ್ನೇ.

ಕೇರಳ ಈಗ ಸೆನ್ನಾ ಮರಗಳನ್ನು ಕಡಿಸುತ್ತಿದೆ. ಕಡಿದ ಮರ ವೆಳ್ಳೂರಿನಲ್ಲಿರುವ ಸರ್ಕಾರದ ಕಾಗದ ಕಾರ್ಖಾನೆಗೆ ಹೋಗುತ್ತದೆ. ಆರು ದಶಕದ ಹಿಂದಿನಂತೆ ಮತ್ತೆ ವಯನಾಡಿನ ಕಾಡಿನಿಂದ ಕಾರ್ಖಾನೆಗೆ ಲಾರಿ. ತೊಂದರೆ ಇರುವುದು ಬುಡದಲ್ಲಿ. ಬರೀ ಕಡಿದುಬಿಟ್ಟರೆ ಒಂದು ಕೊರಡಿನಿಂದ ಹತ್ತಾರು ಚಿಗುರು ಏಳುತ್ತವೆ. ಹಾಗಾಗಿ ನೆಲಮಟ್ಟದಿಂದ ಎದೆಯೆತ್ತರದವರೆಗೆ ತೊಗಟೆ ಸುಲಿದು, ಮರ ನಿಂತಲ್ಲೇ ಒಣಗುವವರೆಗೆ ಬಿಡಬೇಕು. ಸುತ್ತ ಎದ್ದ ಸಸಿಗಳನ್ನು ಬೇರುಸಮೇತ ಕೀಳಬೇಕು, ಮುಂದಿನ ಮಳೆಗಾಲ ಮತ್ತೆ ಕೀಳಬೇಕು. ಆಮೇಲೆ ಅಲ್ಲಿ ಹುಲ್ಲು, ಬಿದಿರು ಹಿಡಿಸಬೇಕು. ಆ ಕೆಲಸಕ್ಕೆ ಕೂಲಿಯಾಗಿ ಹೋಗುತ್ತಿರುವವರಲ್ಲಿ ಪಣಿಯರು, ಕಾಟ್ಟುನಾಯ್ಕರು ಇದ್ದಾರೆ. ಕೂಲಿ ಈಗ ಭತ್ತದಲ್ಲಲ್ಲ, ದುಡ್ಡಿನಲ್ಲಿ.